ಸಂಗೀತ ವಾದ್ಯ ಕೊಳ್ಳುವಾಗ: ಆನ್‌ಲೈನೋ, ಊರಿನ ಅಂಗಡಿಯೋ?

ಮೊಂತಿ ಹಬ್ಬದ ಗದ್ದಲ ಮುಗಿಯುತ್ತಿದ್ದಂತೆ ನಮ್ಮ ಧರ್ಮಕೇಂದ್ರಗಳ ಗಾಯನ ಮಂಡಳಿಗಳು ಕ್ರಿಸ್ಮಸ್ ಕಡೆಗೆ ಮುಖ ಮಾಡುತ್ತವೆ. ಹೊಸ ಹಾಡುಗಳ ಆಯ್ಕೆ, ಅಭ್ಯಾಸದ ದಿನ, ಸಮವಸ್ತ್ರದ ಬಣ್ಣ ಎಲ್ಲವೂ ಚರ್ಚೆಗೆ ಬರುತ್ತವೆ. ಇದರ ಜೊತೆಗೆ ಪ್ರತಿ ವರ್ಷವೂ ಯಾವುದಾದರೊಂದು ಪಾಲನಾ ಮಂಡಳಿಯ ಸಭೆಯಲ್ಲಿ ಕೇಳಿಬರುವ ಮಾತು: "ಫಾದರ್, ಕೀಬೋರ್ಡ್ ಹಳೆಯದಾಯಿತು, ಹೊಸದು ತೆಗೆದುಕೊಳ್ಳಬೇಕು." ಮಾತು ಮುಗಿಯುವ ಮೊದಲೇ ಯುವಕರೊಬ್ಬರು ಮೊಬೈಲ್ ತೆರೆದು ಬೆಲೆ ತೋರಿಸುತ್ತಾರೆ. ಅಂಗಡಿಗಿಂತ ಎರಡು-ಮೂರು ಸಾವಿರ ಕಡಿಮೆ. ಚರ್ಚಿನ ಹಣ ಉಳಿಯುತ್ತದೆ ಎಂದು ಎಲ್ಲರೂ ತಲೆಯಾಡಿಸುತ್ತಾರೆ. ಠರಾವು ಪಾಸಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಮಗೆ ಪರಿಚಯವಿರುವ ಒಂದು ಧರ್ಮಕೇಂದ್ರದಲ್ಲಿ ಹೀಗೆಯೇ ನಡೆಯಿತು. ಕೀಬೋರ್ಡನ್ನು ಮೊದಲು ಪೇಟೆಯ ಅಂಗಡಿಯಲ್ಲಿ ಒಂದು ಗಂಟೆ ನುಡಿಸಿ ನೋಡಿದರು. ಆಮೇಲೆ ಅದೇ ಮಾದರಿಯನ್ನು ಆನ್‌ಲೈನಿನಲ್ಲಿ ತರಿಸಿದರು. ಪೆಟ್ಟಿಗೆ ಬಂದದ್ದು ಡಿಸೆಂಬರ್ ಮೊದಲ ವಾರ. ದಾನಿಗಳ ಸಮ್ಮುಖದಲ್ಲಿ ಆಶೀರ್ವದಿಸಿಯೇ ತೆರೆಯಬೇಕೆಂದು ಅದನ್ನು ಹಾಗೆಯೇ ಸಕ್ರಿಸ್ತಿಯಲ್ಲಿ ಇಟ್ಟರು. ಎರಡು ಭಾನುವಾರ ಕಳೆದು ತೆರೆದಾಗ ನಡುವಿನ ಎರಡು ಕೀಗಳು ಮಾತನಾಡಲಿಲ್ಲ. ಹಿಂದಿರುಗಿಸುವ ಅವಧಿ ಮುಗಿದಿತ್ತು. ಬಿಲ್ ಇದ್ದದ್ದು ಆರ್ಡರ್ ಮಾಡಿದ ಯುವಕನ ಹೆಸರಿನಲ್ಲಿ, ಆತ ಅಷ್ಟರಲ್ಲಿ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿದ್ದ. ಕೊನೆಗೆ ಕೀಬೋರ್ಡನ್ನು ಹೊತ್ತುಕೊಂಡು ಮೊದಲು ನುಡಿಸಿ ನೋಡಿದ್ದ ಅದೇ ಅಂಗಡಿಗೆ ಹೋದರು. ಅಂಗಡಿಯವರು ಸಿಟ್ಟು ಮಾಡಲಿಲ್ಲ. ತಮ್ಮಲ್ಲಿ ಕೊಂಡವರ ರಿಪೇರಿ ಸಾಲಿನಲ್ಲಿದೆ, ಇಪ್ಪತ್ತಾರನೇ ತಾರೀಕಿನ ನಂತರ ನೋಡುತ್ತೇನೆ ಎಂದರು. ಆ ವರ್ಷ ಕ್ರಿಸ್ಮಸ್ ರಾತ್ರಿಯ ಬಲಿಪೂಜೆಗೆ ಒಂದು ಗಿಟಾರ್ ಮಾತ್ರ ಇತ್ತು.

ಅದೇ ಅಂಗಡಿಯವರು ನಮ್ಮೊಡನೆ ಹೇಳಿದ ಮಾತು ಇದು: "ನೋಡಲಿಕ್ಕೆ ನಮ್ಮಲ್ಲಿಗೆ, ಕೊಳ್ಳಲಿಕ್ಕೆ ಮೊಬೈಲಿಗೆ, ರಿಪೇರಿಗೆ ಪುನಃ ನಮ್ಮಲ್ಲಿಗೆ. ಹೀಗಾದರೆ ನಾವು ಎಷ್ಟು ದಿನ ಅಂಗಡಿ ತೆರೆದಿಡುವುದು ಫಾದರ್?" ಈ ಪ್ರಶ್ನೆಯನ್ನು ನಾವು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಮಿಕ್ಸಿಯಂತಲ್ಲ ವಾದ್ಯ

ಮಿಕ್ಸಿಯನ್ನೋ ಕುಕ್ಕರನ್ನೋ ಆನ್‌ಲೈನಿನಲ್ಲಿ ತರಿಸಿದರೆ ದೊಡ್ಡ ವ್ಯತ್ಯಾಸವಿಲ್ಲ. ಕಾರ್ಖಾನೆಯಿಂದ ಹೊರಬರುವಾಗಲೇ ಅದರ ಕೆಲಸ ಮುಗಿದಿರುತ್ತದೆ. ವಾದ್ಯದ ಮಾತು ಬೇರೆ. ಕಾರ್ಖಾನೆ ಮುಕ್ಕಾಲು ಕೆಲಸ ಮಾಡುತ್ತದೆ, ಉಳಿದ ಕಾಲು ಭಾಗವನ್ನು ನುಡಿಸುವವನ ಕೈಗೆ, ಊರಿನ ಹವೆಗೆ ತಕ್ಕಂತೆ ಯಾರಾದರೂ ಕುಳಿತು ಮಾಡಬೇಕು. ಈ ಕಾಲು ಭಾಗವಿಲ್ಲದಿದ್ದರೆ ಒಳ್ಳೆಯ ವಾದ್ಯವೂ ಕೆಟ್ಟ ವಾದ್ಯವೇ.

ವಯಲಿನನ್ನೇ ತೆಗೆದುಕೊಳ್ಳೋಣ. ಅದರ ತಂತಿಗಳನ್ನು ಹೊತ್ತುಕೊಂಡಿರುವ ಸಣ್ಣ ಮರದ ಬ್ರಿಜ್ ಅಂಟಿಸಿದ್ದಲ್ಲ. ತಂತಿಗಳ ಒತ್ತಡದಿಂದಷ್ಟೇ ಅದು ನಿಂತಿರುತ್ತದೆ. ದೂರದಿಂದ ಪಾರ್ಸೆಲಿನಲ್ಲಿ ಬರುವ ವಯಲಿನ್‌ಗಳಲ್ಲಿ ಅನೇಕವು ಬ್ರಿಜ್ ಬಿಚ್ಚಿಟ್ಟ ಸ್ಥಿತಿಯಲ್ಲಿಯೇ ಬರುತ್ತವೆ. ಅದನ್ನು ಎಲ್ಲಿ, ಯಾವ ಮುಖ ಮಾಡಿ, ಎಷ್ಟು ನೇರವಾಗಿ ನಿಲ್ಲಿಸಬೇಕು ಎಂಬುದು ಹತ್ತು ವರ್ಷದ ಮಗುವಿಗೂ ತಿಳಿಯದು, ಅದರ ತಂದೆತಾಯಿಗೂ ತಿಳಿಯದು. ಅಲ್ಲದೆ ಅಗ್ಗದ ವಯಲಿನ್‌ನ ಬ್ರಿಜ್ ಸಾಮಾನ್ಯವಾಗಿ ಬೇಕಾದುದಕ್ಕಿಂತ ಎತ್ತರ ಇರುತ್ತದೆ. ಅದರ ಕಾಲುಗಳು ವಯಲಿನ್‌ನ ಮೈಯ ಉಬ್ಬಿಗೆ ಸರಿಯಾಗಿ ಕೂರುವಂತೆ ಚಾಕುವಿನಿಂದ ಕೆತ್ತಬೇಕು. ಇದು ಕೈಕೆಲಸ.

ವಯಲಿನ್‌ನ ಹೊಟ್ಟೆಯ ಒಳಗೆ ಇನ್ನೊಂದು ವಿಷಯವಿದೆ. ಬ್ರಿಜ್‌ನ ಒಂದು ಕಾಲಿನ ಸಮೀಪ, ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ಪೆನ್ಸಿಲಿನಷ್ಟು ದಪ್ಪದ ಒಂದು ಕಡ್ಡಿ ನಿಂತಿರುತ್ತದೆ. ಇದನ್ನೂ ಅಂಟಿಸಿರುವುದಿಲ್ಲ. ಇಂಗ್ಲಿಷಿನವರು ಸೌಂಡ್ ಪೋಸ್ಟ್ ಎನ್ನುತ್ತಾರೆ. ಇಟಲಿಯ ವಯಲಿನ್ ತಯಾರಕರು ಅದಕ್ಕೆ ಇಟ್ಟ ಹೆಸರು 'ಆನಿಮಾ', ಎಂದರೆ ಆತ್ಮ. ಸೆಮಿನರಿಯಲ್ಲಿ ಲ್ಯಾಟಿನ್ ಕಲಿತವರಿಗೆ ಈ ಹೆಸರಿನ ಅರ್ಥ ಬೇಗ ಹಿಡಿಯುತ್ತದೆ. ಪ್ರಯಾಣದ ಕುಲುಕಾಟದಲ್ಲಿ ಈ ಕಡ್ಡಿ ಬಿದ್ದುಹೋದರೆ ವಯಲಿನ್‌ನ ಧ್ವನಿ ಬಡವಾಗುತ್ತದೆ. ಅಷ್ಟೇ ಅಲ್ಲ, ಕಡ್ಡಿ ಇಲ್ಲದೆ ತಂತಿ ಬಿಗಿದರೆ ಮೇಲಿನ ಹಲಗೆಯೇ ಕುಸಿದು ಬಿರುಕು ಬಿಡುವ ಅಪಾಯವಿದೆ. ಅದನ್ನು ಪುನಃ ನಿಲ್ಲಿಸಬೇಕಾದರೆ ಎಫ್ ಆಕಾರದ ರಂಧ್ರದ ಮೂಲಕ ಬಾಗಿದ ಒಂದು ಉಪಕರಣ ತೂರಿಸಿ ಕತ್ತಲಲ್ಲಿ ಕೆಲಸ ಮಾಡಬೇಕು. ವಯಲಿನ್ ಅಲುಗಿಸಿದಾಗ ಒಳಗೆ ಗಡಗಡ ಸದ್ದಾದರೆ ತಂತಿ ಬಿಗಿಯುವ ಗೋಜಿಗೇ ಹೋಗಬೇಡಿ ಎಂದು ಪಾಲಕರಿಗೆ ನಾವು ಹೇಳುವುದುಂಟು.

ಅಳತೆಯ ವಿಷಯವೂ ಇದೆ. ವಯಲಿನ್ ಪೂರ್ಣ ಅಳತೆ, ಮುಕ್ಕಾಲು, ಅರ್ಧ, ಕಾಲು ಹೀಗೆ ಬೇರೆ ಬೇರೆ ಗಾತ್ರದಲ್ಲಿ ಬರುತ್ತದೆ. 'ದೊಡ್ಡವನಾದ ಮೇಲೂ ಉಪಯೋಗಕ್ಕೆ ಬರಲಿ' ಎಂದು ಶಾಲೆಯ ಬೂಟಿನ ಹಾಗೆ ದೊಡ್ಡದನ್ನೇ ತರಿಸುವ ತಂದೆತಾಯಂದಿರಿದ್ದಾರೆ. ಮಗು ವಯಲಿನನ್ನು ಭುಜದ ಮೇಲಿಟ್ಟು ಎಡಗೈ ಚಾಚಿದಾಗ, ಮೊಣಕೈ ಸ್ವಲ್ಪ ಬಾಗಿದ್ದು, ತುದಿಯ ಸುರುಳಿಯನ್ನು ಬೆರಳುಗಳು ಹಿಡಿಯುವಂತಿರಬೇಕು. ಕೈ ಪೂರ್ತಿ ಚಾಚಿದರೂ ಸಿಗದಿದ್ದರೆ ಅದು ಆ ಮಗುವಿನ ವಯಲಿನ್ ಅಲ್ಲ. ಅಂಗಡಿಯಲ್ಲಾದರೆ ಇದನ್ನು ನೋಡಲು ಎರಡು ನಿಮಿಷ ಸಾಕು.

ಗಿಟಾರಿನಲ್ಲಿ ನೋಡಬೇಕಾದ ಮುಖ್ಯ ವಿಷಯ ಒಂದೇ: ತಂತಿ ಹಲಗೆಯಿಂದ ಎಷ್ಟು ಎತ್ತರದಲ್ಲಿದೆ ಎಂಬುದು. ಉಕ್ಕಿನ ತಂತಿಯ ಗಿಟಾರಿನಲ್ಲಿ ಹನ್ನೆರಡನೇ ಫ್ರೆಟ್‌ನ ಬಳಿ ಎರಡರಿಂದ ಎರಡೂವರೆ ಮಿಲಿಮೀಟರ್ ಆಸುಪಾಸು ಇದ್ದರೆ ನುಡಿಸಲು ಹಿತ. ಅಗ್ಗದ ಗಿಟಾರುಗಳು ಕೆಲವೊಮ್ಮೆ ನಾಲ್ಕು ಮಿಲಿಮೀಟರ್ ಎತ್ತರದಲ್ಲಿ ಬರುತ್ತವೆ. ಕಲಿಯುವ ಹುಡುಗಿಯ ಬೆರಳ ತುದಿ ನೋಯುತ್ತದೆ, ಒಂದು ತಿಂಗಳು ಕಷ್ಟಪಡುತ್ತಾಳೆ, ಆಮೇಲೆ 'ನನಗೆ ಸಂಗೀತ ಬರುವುದಿಲ್ಲ' ಎಂದು ಗಿಟಾರನ್ನು ಅಟ್ಟಕ್ಕೆ ಹಾಕುತ್ತಾಳೆ. ಹಾಗೆ ಸಂಗೀತ ಬಿಟ್ಟವರು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟು ಮಂದಿಯೋ! ಅವರಲ್ಲಿ ಕೆಲವರಿಗಾದರೂ ಕೊರತೆಯಿದ್ದದ್ದು ಪ್ರತಿಭೆಯದ್ದಲ್ಲ, ತಂತಿಯ ಕೆಳಗಿನ ಬಿಳಿ ಪಟ್ಟಿಯನ್ನು ಒಂದಿಷ್ಟು ಉಜ್ಜಿ ತಗ್ಗಿಸುವವರದ್ದು.

ನಮ್ಮ ಮಳೆ, ನಮ್ಮ ಉಪ್ಪುಗಾಳಿ

ಕರಾವಳಿಯ ಹವೆ ಮರದ ವಾದ್ಯಗಳಿಗೆ ಮಿತ್ರನಲ್ಲ. ಗಿಟಾರ್, ವಯಲಿನ್‌ಗಳಿಗೆ ನೂರಕ್ಕೆ 45ರಿಂದ 55ರಷ್ಟು ಆರ್ದ್ರತೆ ಒಳ್ಳೆಯದೆಂದು ತಯಾರಕರು ಹೇಳುತ್ತಾರೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಅದು 85ನ್ನೂ ದಾಟುವುದುಂಟು. ಮರ ನೀರು ಕುಡಿದು ಉಬ್ಬುತ್ತದೆ, ವಯಲಿನ್‌ನ ಕಿವಿಗಳು ತಿರುಗಿಸಲು ಬಾರದಂತೆ ಬಿಗಿದುಕೊಳ್ಳುತ್ತವೆ, ಗಿಟಾರಿನ ಹೊಟ್ಟೆ ಉಬ್ಬಿ ತಂತಿ ಇನ್ನಷ್ಟು ಮೇಲೇಳುತ್ತದೆ. ವಯಲಿನ್‌ಗೆ ಸಾಂಪ್ರದಾಯಿಕವಾಗಿ ಬಳಸುವ ಅಂಟು ಪ್ರಾಣಿಜನ್ಯವಾದದ್ದು. ಸೆಕೆ ಮತ್ತು ತೇವ ಸೇರಿದರೆ ಅದು ಮೆತ್ತಗಾಗಿ ಬೆಸುಗೆ ಬಿಡುತ್ತದೆ. ಇದು ದೋಷವಲ್ಲ, ರಿಪೇರಿಗೆ ಬಿಚ್ಚಲು ಅನುಕೂಲವಾಗಲೆಂದೇ ಅಂಥ ಅಂಟು ಬಳಸುವುದು. ಆದರೆ ಬಿಚ್ಚಿ ಪುನಃ ಅಂಟಿಸುವ ಕೈ ಊರಲ್ಲಿರಬೇಕಷ್ಟೆ.

ಪಡುಬಿದ್ರಿಯಲ್ಲೋ ಉಳ್ಳಾಲದಲ್ಲೋ ಕಡಲ ದಂಡೆಯ ಇಗರ್ಜಿಗಳಲ್ಲಿ ತಂತಿಗಳು ಬೇಗ ತುಕ್ಕು ಹಿಡಿಯುವುದನ್ನು ಯಾವ ಗಾಯನ ಮಂಡಳಿಯವರನ್ನು ಕೇಳಿದರೂ ಹೇಳುತ್ತಾರೆ. ಅಂಥಲ್ಲಿಗೆ ದುಬಾರಿ ಗಟ್ಟಿ ಮರದ ಗಿಟಾರಿಗಿಂತ ಪದರ ಹಲಗೆಯ ಸಾಧಾರಣ ಗಿಟಾರೇ ಬಾಳಿಕೆ ಬರುತ್ತದೆ. ಗಟ್ಟಿ ಮರದ್ದು ಒಳ್ಳೆಯ ಧ್ವನಿ ಕೊಡುವುದು ನಿಜ, ಆದರೆ ಮಳೆಗಾಲದಲ್ಲಿ ಬೇಗ ಬಾಗುತ್ತದೆ. ಆನ್‌ಲೈನಿನ ಅಭಿಪ್ರಾಯಗಳನ್ನು ಬರೆಯುವವರು ದೆಹಲಿಯಲ್ಲೋ ಪುಣೆಯಲ್ಲೋ ಇರುವವರು. ನಮ್ಮ ಆಟಿ ತಿಂಗಳ ಮಳೆ ಅವರಿಗೆ ಗೊತ್ತಿಲ್ಲ. ಇದೇ ಊರಿನಲ್ಲಿ ಮೂವತ್ತು ಮಳೆಗಾಲ ಕಂಡ ಅಂಗಡಿಯವರಿಗೆ ಗೊತ್ತು.

ಗುಮಟೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಮಣ್ಣಿನ ಮಡಕೆಯ ಆ ವಾದ್ಯವನ್ನು ಪಾರ್ಸೆಲಿನಲ್ಲಿ ತರಿಸುವ ಧೈರ್ಯ ಕಡಿಮೆ ಜನರಿಗೆ. ಆದರೆ ಒಂದು ಎಚ್ಚರಿಕೆ ಬೇಕು: ಹಿಂದೆ ಗುಮಟೆಗೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ಅಪರಾಧ. ಆಡಿನ ಚರ್ಮದ್ದನ್ನೇ ಕೇಳಿ ಕೊಳ್ಳಬೇಕು.

ಕೀಬೋರ್ಡ್ ಮತ್ತು ಹಾರ್ಮೋನಿಯಂ

ಕೀಬೋರ್ಡ್‌ಗೆ ಮರದ ತೊಂದರೆಗಳಿಲ್ಲ. ಎಲ್ಲ ಪೆಟ್ಟಿಗೆಯಲ್ಲೂ ಒಂದೇ ಸರಕು ತಾನೇ ಎಂದು ಕೇಳುವವರಿದ್ದಾರೆ. ಅರ್ಧ ಸತ್ಯ. ಹೊಸದಾಗಿದ್ದಾಗ ಹೌದು. ಎರಡು ವರ್ಷದ ನಂತರ ಕೀಗಳ ಕೆಳಗಿನ ರಬ್ಬರ್ ಪಟ್ಟಿಯಲ್ಲಿ ಧೂಳು, ತೇವ ಕುಳಿತು ಸ್ವರ ಬಾರದಾಗುತ್ತದೆ. ಸಕ್ರಿಸ್ತಿಯ ಮೂಲೆಯಲ್ಲಿಟ್ಟ ಕೀಬೋರ್ಡಿನ ಒಳಗೆ ಇರುವೆಗಳು ಸಂಸಾರ ಹೂಡಿದ್ದನ್ನೂ, ಹಲ್ಲಿ ಸತ್ತು ಬಿದ್ದಿದ್ದನ್ನೂ ನಾವೇ ಕಂಡಿದ್ದೇವೆ. ಬಿಚ್ಚಿ, ಸ್ವಚ್ಛಮಾಡಿ, ಪುನಃ ಜೋಡಿಸುವುದು ಅರ್ಧ ದಿನದ ಕೆಲಸ. ಅದನ್ನು ಕೊರಿಯರಿನಲ್ಲಿ ದೂರದ ಊರಿಗೆ ಕಳುಹಿಸಿದರೆ ಮೂರು ಭಾನುವಾರ ಹೋಯಿತು.

ಅಡಾಪ್ಟರ್ ಇನ್ನೊಂದು ತಲೆನೋವು. ಎಲ್ಲ ಕಂಪೆನಿಗಳ ಪಿನ್ನು ನೋಡಲು ಒಂದೇ ತರಹ. ಆದರೆ ಕೆಲವದರಲ್ಲಿ ನಡುವಿನ ತುದಿ ಪ್ಲಸ್, ಕೆಲವದರಲ್ಲಿ ಮೈನಸ್. ವೋಲ್ಟೇಜೂ ಬೇರೆ. ಕಳೆದುಹೋದ ಅಡಾಪ್ಟರ್‌ಗೆ ಬದಲಾಗಿ ಕಂಡದ್ದನ್ನು ತರಿಸಿ ಚುಚ್ಚಿದರೆ ಕೀಬೋರ್ಡ್ ಅಲ್ಲಿಗೇ ಮುಗಿಯಬಹುದು. ಅಮೆರಿಕದಿಂದ ಸಂಬಂಧಿಕರು ಪ್ರೀತಿಯಿಂದ ತಂದ ಕೀಬೋರ್ಡಿನ ಅಡಾಪ್ಟರ್ ಅಲ್ಲಿನ 120 ವೋಲ್ಟಿಗೆ ಮಾತ್ರ ಮಾಡಿದ್ದಾದರೆ, ನಮ್ಮ 230 ವೋಲ್ಟಿಗೆ ಹಾಕಿದ ಕೂಡಲೇ ಹೊಗೆ. ಅಡಾಪ್ಟರಿನ ಮೇಲಿನ ಸಣ್ಣ ಅಕ್ಷರ ಓದಿಯೇ ಹಾಕಬೇಕು.

ಚರ್ಚಿಗೆ ಕೊಳ್ಳುವಾಗ ಏನು ನೋಡಬೇಕು? 61 ಕೀ ಸಾಕು. ಒತ್ತಿದಷ್ಟು ಜೋರಿಗೆ ತಕ್ಕ ಧ್ವನಿ ಕೊಡುವ ಸೌಲಭ್ಯ ಬೇಕು. ಸ್ವರಸ್ಥಾನ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಬೇಕೇ ಬೇಕು, ಏಕೆಂದರೆ ಹಾಡುವವರು ಸಾಮಾನ್ಯ ಜನ. ಮೈಕ್ ಸೆಟ್ಟಿಗೆ ಜೋಡಿಸಲು ಹೊರಗೆ ತಂತಿ ಹೋಗುವ ತೂತು ಸರಿಯಾಗಿರಬೇಕು. ಭಾರತದ ಮಾರುಕಟ್ಟೆಗೆಂದೇ ಮಾಡಿದ ಮಾದರಿಗಳಲ್ಲಿ ತಬಲಾ, ಡೋಲಕ್ ತಾಳಗಳು ತುಂಬಿರುತ್ತವೆ. ಅದಕ್ಕೆಂದೇ ಹೆಚ್ಚು ಹಣ ಕೊಡುವ ಅಗತ್ಯ ನಮಗೆ ಕಾಣದು. ಪರಮಪ್ರಸಾದದ ಗೀತೆಗೆ ಯಂತ್ರದ ತಾಳ ಹಚ್ಚಿ ಕೈಕಟ್ಟಿ ಕೂರುವ ಅಭ್ಯಾಸ ನಮಗೆ ಸಹನೆಯಾಗದ ವಿಷಯ, ಇರಲಿ.

ಹಾರ್ಮೋನಿಯಂ ಕೊಳ್ಳುವವರು ಈಗ ಕಡಿಮೆ, ಆದರೆ ಹಳ್ಳಿಯ ಇಗರ್ಜಿಗಳಲ್ಲಿ, ಕಾನ್ವೆಂಟುಗಳಲ್ಲಿ ಇನ್ನೂ ಇವೆ. 1842ರಲ್ಲಿ ಪ್ಯಾರಿಸಿನ ಅಲೆಕ್ಸಾಂಡ್ರ್ ದೆಬೇನ್ ಪೇಟೆಂಟ್ ಪಡೆದ ಈ ವಾದ್ಯ ಕಾಲಿನಿಂದ ತುಳಿಯುವಂಥದ್ದಾಗಿತ್ತು. ನೆಲದ ಮೇಲೆ ಕುಳಿತು ಒಂದು ಕೈಯಲ್ಲಿ ಗಾಳಿ ಹಾಕುವ ರೂಪವನ್ನು 1870ರ ದಶಕದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಕೊಟ್ಟರು. ಅದರ ಜೀವ ಹಿತ್ತಾಳೆಯ ರೀಡುಗಳಲ್ಲಿದೆ. ರೀಡಿನ ತುದಿಯನ್ನು ಸ್ವಲ್ಪ ಕೆರೆದರೆ ಸ್ವರ ಏರುತ್ತದೆ, ಬುಡದ ಕಡೆ ಕೆರೆದರೆ ಇಳಿಯುತ್ತದೆ. ಒಂದೆರಡು ಗೀರು ಹೆಚ್ಚಾದರೆ ರೀಡು ಹಾಳು. ಆದ್ದರಿಂದ ಶ್ರುತಿ ಮಾಡುವವರು ವರ್ಷಗಟ್ಟಲೆ ಕಿವಿ ಪಳಗಿಸಿಕೊಂಡವರು. ನಮ್ಮ ಕರಾವಳಿಯಲ್ಲಿ ಅಂಥವರು ಈಗ ಬೆರಳೆಣಿಕೆ, ಇರುವವರಿಗೂ ವಯಸ್ಸಾಗಿದೆ. ಅವರ ಹೊಟ್ಟೆಪಾಡು ನಡೆಯುವುದು ಹಳೆಯ ಹಾರ್ಮೋನಿಯಂ ಶ್ರುತಿ ಮಾಡುವುದರಿಂದ ಅಲ್ಲ, ಅಂಗಡಿಯಲ್ಲಿ ಹೊಸ ವಾದ್ಯಗಳು ಮಾರಾಟವಾಗುವುದರಿಂದ. ಮಾರಾಟ ನಿಂತರೆ ಅಂಗಡಿ ನಿಲ್ಲುತ್ತದೆ, ಅಂಗಡಿಯ ಹಿಂಬದಿಯಲ್ಲಿ ಕುಳಿತ ಈ ಮನುಷ್ಯನೂ ಎದ್ದು ಹೋಗುತ್ತಾನೆ.

ನ್ಯಾಯದ ಪ್ರಶ್ನೆ

ಅಂಗಡಿಯಲ್ಲಿ ಒಂದು ಗಂಟೆ ನುಡಿಸಿ, ಅಂಗಡಿಯವರ ಸಲಹೆ ಕೇಳಿ, 'ಮನೆಯಲ್ಲಿ ಕೇಳಿ ಬರುತ್ತೇವೆ' ಎಂದು ಹೊರಬಂದು ಮೆಟ್ಟಿಲ ಮೇಲೆಯೇ ನಿಂತು ಆನ್‌ಲೈನಿನಲ್ಲಿ ಆರ್ಡರ್ ಮಾಡುವುದು ಕಾನೂನಿನ ಪ್ರಕಾರ ತಪ್ಪಲ್ಲ. ಆದರೆ ಒಬ್ಬನ ಸಮಯವನ್ನೂ ತಿಳಿವಳಿಕೆಯನ್ನೂ ಪಡೆದು ಕೂಲಿಯನ್ನು ಇನ್ನೊಬ್ಬನಿಗೆ ಕೊಟ್ಟ ಹಾಗಾಗುತ್ತದೆ. ಗ್ರಾಹಕನೊಬ್ಬ ಹೀಗೆ ಮಾಡಿದರೆ ಅದು ಅವನ ಆತ್ಮಸಾಕ್ಷಿಗೆ ಬಿಟ್ಟದ್ದು. ಧರ್ಮಕೇಂದ್ರದ ಹೆಸರಿನಲ್ಲಿ ಹೀಗೆ ಮಾಡುವುದು ಸರಿಯಲ್ಲ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಬೆಲೆಯಲ್ಲಿ ವ್ಯತ್ಯಾಸವಿದ್ದರೆ ಮೊಬೈಲನ್ನು ಅಂಗಡಿಯವರ ಎದುರಿಗೇ ತೋರಿಸಿ ಕೇಳಬಹುದಲ್ಲ. ಹೆಚ್ಚಿನವರು ಸ್ವಲ್ಪ ಇಳಿಸುತ್ತಾರೆ, ಇಲ್ಲವೇ ಸ್ಟ್ಯಾಂಡ್, ಕವರ್, ಒಂದು ವರ್ಷದ ಸರ್ವಿಸ್ ಸೇರಿಸಿ ಕೊಡುತ್ತಾರೆ.

ಹಾಗೆಂದು ಅಂಗಡಿಯವರೆಲ್ಲ ಸಂತರು ಎಂದು ನಾವು ಹೇಳುವುದಿಲ್ಲ. ಬಿಲ್ ಕೇಳಿದರೆ ಮುಖ ಸಿಂಡರಿಸುವವರಿದ್ದಾರೆ. ವರ್ಷಗಟ್ಟಲೆ ಕಪಾಟಿನಲ್ಲಿದ್ದ ಮಾದರಿಯನ್ನು ಹೊಸದೆಂದು ದಾಟಿಸುವವರಿದ್ದಾರೆ. ಮಕ್ಕಳು ವಾದ್ಯ ಮುಟ್ಟಿದರೆ ಗದರಿಸುವ ಅಂಗಡಿಗೆ ಯಾರು ಹೋಗುತ್ತಾರೆ? ಇನ್ನೊಂದು ವಿಷಯವನ್ನು ಸಂಕೋಚದಿಂದಲೇ ಬರೆಯುತ್ತಿದ್ದೇವೆ: ಚರ್ಚಿಗೆ ವಾದ್ಯ ಕೊಡಿಸಿದವರಿಗೆ ಕಮಿಷನ್ ಕೊಡುವ ಪದ್ಧತಿ ಅಲ್ಲಲ್ಲಿ ಇದೆ. ಕೊಡುವವರೂ ತೆಗೆದುಕೊಳ್ಳುವವರೂ ಅದನ್ನು ನಿಲ್ಲಿಸಬೇಕು. ಆ ಮೊತ್ತವನ್ನು ಬೆಲೆಯಲ್ಲೇ ಕಡಿಮೆ ಮಾಡಿದರೆ ಆನ್‌ಲೈನಿಗೂ ಅಂಗಡಿಗೂ ಇರುವ ಅಂತರ ಅರ್ಧ ಕರಗುತ್ತದೆ.

ಆನ್‌ಲೈನಿನಲ್ಲಿ ಕೊಳ್ಳಬಾರದೆಂದೂ ಇಲ್ಲ. ತಂತಿಗಳು, ಪಿಕ್, ರೋಸಿನ್, ಸಂಗೀತ ಪುಸ್ತಕ, ಊರಲ್ಲಿ ಎಲ್ಲಿಯೂ ಸಿಗದ ಬಿಡಿಭಾಗ ಇವುಗಳನ್ನು ತರಿಸುವುದರಲ್ಲಿ ತಪ್ಪೇನಿಲ್ಲ. ಪೇಟೆಗೆ ಎಪ್ಪತ್ತು ಕಿಲೋಮೀಟರ್ ದೂರವಿರುವ ಘಟ್ಟದ ಬುಡದ ಧರ್ಮಕೇಂದ್ರದವರಿಗೆ ಬೇರೆ ದಾರಿ ಇಲ್ಲದಿರಬಹುದು. ಅಂಥವರು ಪಾರ್ಸೆಲ್ ಬಂದ ದಿನವೇ ತೆರೆಯಬೇಕು, ತೆರೆಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಬೇಕು, ಪ್ರತಿಯೊಂದು ಕೀ ಒತ್ತಿ ನೋಡಬೇಕು. ಆಶೀರ್ವಾದ ನಂತರವೂ ಮಾಡಬಹುದು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಗಳೊಳಗೆ ಕಂಪೆನಿಯ ದೂರು ಅಧಿಕಾರಿ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಕೊಂಡವರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು, ಮಾರಿದವರ ಊರಿಗೆ ಅಲೆಯಬೇಕಾಗಿಲ್ಲ.

ಎಲ್ಲಿ ಕೊಂಡರೂ ಬಿಲ್ ಧರ್ಮಕೇಂದ್ರದ ಹೆಸರಿನಲ್ಲೇ ಇರಲಿ. ಧರ್ಮಸಭೆಯ ಕಾನೂನು ಸಂಹಿತೆಯ 1284ನೇ ನಿಯಮ ಚರ್ಚಿನ ಆಸ್ತಿಯನ್ನು ನೋಡಿಕೊಳ್ಳುವವರಿಂದ ಒಳ್ಳೆಯ ಮನೆಯೊಡೆಯನ ಎಚ್ಚರವನ್ನು ನಿರೀಕ್ಷಿಸುತ್ತದೆ. ವಸ್ತು ಹಾಳಾಗದಂತೆ ಕಾಯಬೇಕು, ಲೆಕ್ಕಪತ್ರ ಸರಿಯಾಗಿರಬೇಕು ಎನ್ನುತ್ತದೆ. ಒಳ್ಳೆಯ ಮನೆಯೊಡೆಯ ಕೊಳ್ಳುವ ದಿನದ ಬೆಲೆಯನ್ನಷ್ಟೇ ನೋಡುವುದಿಲ್ಲ, ಹತ್ತು ವರ್ಷದ ಖರ್ಚನ್ನು ಲೆಕ್ಕ ಹಾಕುತ್ತಾನೆ. ಸೀರಿಯಲ್ ನಂಬರ್ ಬರೆದಿಡಿ, ಗ್ಯಾರಂಟಿ ಕಾರ್ಡಿಗೆ ಅಂಗಡಿಯ ಮೊಹರು ಹಾಕಿಸಿ, ಎರಡನ್ನೂ ಕಚೇರಿಯ ಕಡತದಲ್ಲಿ ಇಡಿ. ಗಾಯನ ಮಂಡಳಿಯ ನಾಯಕರ ಮನೆಯಲ್ಲಿ ಬೇಡ.

ಸರ್ವಿಸ್ ಯಾವಾಗ ಮಾಡಿಸುವುದು ಎಂದು ಹಲವರು ಕೇಳುತ್ತಾರೆ. ತಪಸ್ಸು ಕಾಲದಲ್ಲಿ ವಾದ್ಯಗಳನ್ನು ಹಾಡಿಗೆ ಆಧಾರವಾಗಿ ಮಾತ್ರ ಬಳಸಬೇಕೆಂಬ ನಿಯಮವಿದೆ. ಎರಡು ವಾದ್ಯಗಳಿರುವ ಧರ್ಮಕೇಂದ್ರಗಳು ಆ ವಾರಗಳಲ್ಲಿ ಒಂದನ್ನು ಅಂಗಡಿಗೆ ಕೊಡಬಹುದು. ಒಂದೇ ಇದ್ದರೆ ಪಾಸ್ಖ ಹಬ್ಬ ಕಳೆದು, ಮಳೆ ಹಿಡಿಯುವ ಮುಂಚೆ, ಮೇ ತಿಂಗಳಲ್ಲಿ. ಈ ವರ್ಷದ ಕ್ರಿಸ್ಮಸ್‌ಗೆ ಹೊಸದು ಬೇಕಾದವರು ಅಕ್ಟೋಬರ್ ಒಳಗೆ ಅಂಗಡಿಗೆ ಹೋಗಿ, ನುಡಿಸುವವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ನವೆಂಬರ್ ಕೊನೆಗೆ ಹೋದರೆ ಬೇಕಾದ ಮಾದರಿ ಮುಗಿದಿರುತ್ತದೆ, ರಿಪೇರಿಯವರ ಮೇಜಿನ ಮೇಲೆ ಜಾಗವೂ ಇರುವುದಿಲ್ಲ.